ಮರಳು ಬದಲಿಸುವ ಮುನ್ನ

ಈಜುಕೊಳದ ನೀರು ಮಬ್ಬಾದರೆ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಮೊದಲು ಬೈಸಿಕೊಳ್ಳುವುದು ಫಿಲ್ಟರಿನ ಮರಳು. ಹೆಚ್ಚಿನ ಸಲ ಅದರ ತಪ್ಪೇನೂ ಇರುವುದಿಲ್ಲ.

ಟ್ಯಾಂಕಿನಲ್ಲಿರುವುದು ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಸಿಲಿಕಾ ಮರಳು. ಕಾಳುಗಳ ನಡುವಿನ ಸಂದು 70 ಮೈಕ್ರಾನ್ ದಾಟುತ್ತದೆ. ಆದರೂ ಅದು 20–40 ಮೈಕ್ರಾನ್ ಕೊಳೆಯನ್ನು ಹಿಡಿಯುತ್ತದೆ. ಅದು ಬರೀ ಜರಡಿಯಲ್ಲ. ಅಂಕುಡೊಂಕು ದಾರಿಯಲ್ಲಿ ಇಳಿಯುವ ಕಣಗಳು ಕಾಳುಗಳಿಗೆ ಬಡಿದು ಅಂಟಿಕೊಳ್ಳುತ್ತವೆ, ಅಂಟಿದ ಕೊಳೆ ಸಂದನ್ನು ಕಿರಿದಾಗಿಸಿ ಮುಂದಿನ ಕಣವನ್ನು ಹಿಡಿಯುತ್ತದೆ. ಹೀಗಾಗಿ ಆಗಷ್ಟೇ ತೊಳೆದ ಮರಳಿಗಿಂತ ತುಸು ಕೊಳೆಯಾದ ಮರಳೇ ಚೆನ್ನಾಗಿ ಸೋಸುತ್ತದೆ! ದಿನಾ ಬ್ಯಾಕ್‌ವಾಶ್ ಮಾಡುವ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯುವ ಶ್ರದ್ಧಾವಂತರು ನೀರನ್ನೂ ಪೋಲು ಮಾಡುತ್ತಾರೆ, ಸೋಸುವಿಕೆಯನ್ನೂ ಕೆಡಿಸುತ್ತಾರೆ. ಪ್ರೆಷರ್ ಗೇಜಿನ ಮುಳ್ಳು ಮಾಮೂಲಿಗಿಂತ 8–10 ಪಿಎಸ್‌ಐ ಏರಿದಾಗ ತೊಳೆದರೆ ಸಾಕು.

ಕೊಳದ ತಳದಲ್ಲಿ ಮರಳು ಕಂಡರೆ ಟ್ಯಾಂಕಿನ ಅಡಿಯಲ್ಲಿರುವ ಲ್ಯಾಟರಲ್‌ಗಳನ್ನು, ಅಂದರೆ ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನು ನೋಡಬೇಕು. ಒಂದು ಬಿರುಕು ಬಿಟ್ಟಿದ್ದರೂ ಸಾಕು. ಫಿಲ್ಟರ್ ಓಡುವಾಗಲೇ ಚರಂಡಿ ಪೈಪಿನಲ್ಲಿ ನೀರು ಜಿನುಗುತ್ತಿದ್ದರೆ ವಾಲ್ವಿನೊಳಗಿನ ರಬ್ಬರ್ ಗ್ಯಾಸ್ಕೆಟ್ ಸವೆದಿರಬಹುದು. ಪಂಪ್ ನಿಲ್ಲಿಸದೆ ವಾಲ್ವಿನ ಹಿಡಿ ತಿರುಗಿಸುವ ಅವಸರವೇ ಎಷ್ಟೋ ಕಡೆ ಇದಕ್ಕೆ ಕಾರಣ. ಇವೆರಡಕ್ಕೂ ಹೊಸ ಮರಳು ಮದ್ದಲ್ಲ.

ಮರಳೇ ಕೆಡುವುದೂ ಉಂಟು. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ, ಮೈಗೆ ಹಚ್ಚಿದ ಎಣ್ಣೆ, ಸನ್‌ಸ್ಕ್ರೀನ್ ಸೇರಿ ಮರಳು ಹೆಂಟೆಗಟ್ಟುತ್ತದೆ. ನೀರು ಅದರ ನಡುವೆ ಕಾಲುವೆ ಕೊರೆದುಕೊಂಡು ಸೋಸದೆಯೇ ಹರಿದುಹೋಗುತ್ತದೆ. ಆಗ ಬದಲಿಸಲೇಬೇಕು. ಸಾಮಾನ್ಯವಾಗಿ 5–7 ವರ್ಷಕ್ಕೊಮ್ಮೆ ಈ ಕೆಲಸ ಬರುತ್ತದೆ.

ಆದರೆ ಹೊಸ ಮರಳಿಗೂ ಮಿತಿಯಿದೆ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರೋಪಜೀವಿಯ ಗಾತ್ರ ಬರೀ 4–6 ಮೈಕ್ರಾನ್. ಮಾಮೂಲಿ ಪ್ರಮಾಣದ ಕ್ಲೋರಿನ್‌ನಲ್ಲಿ ಅದು ದಿನಗಟ್ಟಲೆ ಬದುಕಿರುತ್ತದೆ. ಪಾಲಿ ಅಲ್ಯೂಮಿನಿಯಂ ಕ್ಲೋರೈಡ್‌ನಂಥ ರಾಸಾಯನಿಕ ಇಂಥ ಸೂಕ್ಷ್ಮ ಕಣಗಳನ್ನು ಒಟ್ಟುಗೂಡಿಸಿ ದಪ್ಪಗಾಗಿಸಿದರೆ ಮರಳಿಗೆ ಅವು ಸಿಕ್ಕುವ ಸಾಧ್ಯತೆ ಹೆಚ್ಚು.

ಅಗ್ಗವೆಂದು ಹೊಳೆ ಮರಳನ್ನೋ ಎಂ-ಸ್ಯಾಂಡನ್ನೋ ತುಂಬುವಂತಿಲ್ಲ. ಅದರ ನುಸಿಪುಡಿ ಸಂದುಗಳನ್ನು ಮುಚ್ಚುತ್ತದೆ, ಉಳಿದದ್ದು ಕೊಳ ಸೇರುತ್ತದೆ. ಸರಿಯಾದ ಮರಳನ್ನೂ ಒಮ್ಮೆಲೇ ಸುರಿಯಬಾರದು. ಟ್ಯಾಂಕಿಗೆ ಮೊದಲು ಅರ್ಧದಷ್ಟು ನೀರು ತುಂಬಿ, ನಡುಗೊಳವೆಯ ಬಾಯಿಗೆ ಟೇಪು ಸುತ್ತಿ, ನಿಧಾನವಾಗಿ ಹಾಕಬೇಕು. ಇಲ್ಲವಾದರೆ ಬೀಳುವ ಮರಳಿನ ಭಾರಕ್ಕೇ ಲ್ಯಾಟರಲ್‌ಗಳು ಮುರಿದಾವು.