ಐವತ್ತು ದಾಟಿದ ಮೇಲೆ ಗಿಟಾರ್ ಪಾಠ

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಗಿಟಾರ್ ಕಾಣದ ಮನೆ ಅಪರೂಪ. ರೋಸ್ ಸಮಾರಂಭವಿರಲಿ, ಕ್ರಿಸ್ಮಸ್ ಕಾಲದ ಕ್ಯಾರಲ್ ಗಾಯನವಿರಲಿ, ಯುವಜನರ ಶಿಬಿರವಿರಲಿ, ಎಲ್ಲಿಂದಲೋ ಒಂದು ಗಿಟಾರ್ ಪ್ರತ್ಯಕ್ಷವಾಗುತ್ತದೆ. ಆದರೆ ಅದನ್ನು ಕ್ರಮವಾಗಿ ಕಲಿತವರು ಎಷ್ಟು ಮಂದಿ? ಹೆಚ್ಚಿನವರು ಅಣ್ಣನಿಂದಲೋ ನೆರೆಮನೆಯ ಗೆಳೆಯನಿಂದಲೋ ನಾಲ್ಕೈದು ಕಾರ್ಡ್‌ಗಳನ್ನು ಕಲಿತು, ಅಷ್ಟನ್ನೇ ಬಂಡವಾಳವಾಗಿಸಿಕೊಂಡು ಆಯುಷ್ಯ ಕಳೆದವರು. ನಾನೂ ಅಂಥವರಲ್ಲಿ ಒಬ್ಬ. 26 ವರ್ಷ ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ, ಇಗರ್ಜಿಯದೇ ಗಿಟಾರನ್ನು ಮೀಟಿದ್ದೇನೆ. ನನಗೆ ತಿಳಿದಿದ್ದ ಕಾರ್ಡ್‌ಗಳು ಒಂಬತ್ತು. ಅವುಗಳಲ್ಲಿ ಎರಡು ತಪ್ಪಾಗಿದ್ದವು ಎಂಬುದು 54ನೆಯ ವಯಸ್ಸಿನಲ್ಲಿ ತಿಳಿಯಿತು.

ಕಲಿಯಲು ಹೊರಟದ್ದು ಸಂಗೀತದ ಮೇಲಿನ ಪ್ರೀತಿಯಿಂದಲೇ ಎಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಮಗಳು ಮದುವೆಯಾಗಿ ದುಬೈ ಸೇರಿದಳು. ಅನಂತರ ಮಗ ಉದ್ಯೋಗ ಅರಸಿ ಕೆನಡಾಕ್ಕೆ ತೆರಳಿದ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಮ್ಮ ವಾಳೆಯ ಎಷ್ಟೋ ಮನೆಗಳ ಸ್ಥಿತಿ ಇದೇ ಆದ್ದರಿಂದ ಓದುಗರಿಗೆ ವಿವರಿಸಬೇಕಾಗಿಲ್ಲ. ಏಳೂವರೆಗೆ ಜಪಸರ, ಎಂಟಕ್ಕೆ ಊಟ, ಬಳಿಕ ಮೊಬೈಲನ್ನು ಮೇಜಿನ ಮೇಲಿರಿಸಿಕೊಂಡು ಮಕ್ಕಳ ಕರೆ ಬರುವುದೇ ಎಂದು ಕಾಯುವುದು. ಅಂಥ ಒಂದು ರಾತ್ರಿ ಕಪಾಟಿನ ಮೇಲಿದ್ದ ಮಗನ ಗಿಟಾರನ್ನು ಕೆಳಗಿಳಿಸಿದೆ. ಎರಡು ಮಳೆಗಾಲ ಕಂಡಿದ್ದ ತಂತಿಗಳು ತುಕ್ಕು ಹಿಡಿದಿದ್ದವು. ಚೀಲದ ಒಳಗೆಲ್ಲ ಬೂಷ್ಟು. ಮರುದಿನ ತಂತಿ ಬದಲಿಸಲು ಹೋದಲ್ಲಿ ಗುರುಗಳು ದೊರೆತರು.

ಅವರ ಹೆಸರನ್ನು ಪ್ರಕಟಿಸಬಾರದೆಂಬುದು ಅವರ ಇಚ್ಛೆ. ಎಂಬತ್ತರ ಅಂಚಿನಲ್ಲಿರುವ ಅವರು ಗೋವಾ ಮೂಲದವರು. ಬಾಲ್ಯದಲ್ಲಿ ಅಲ್ಲಿನ ಇಗರ್ಜಿ ಶಾಲೆಯಲ್ಲಿ ಸ್ವರಲಿಪಿ ಓದಲು ಕಲಿತು, ಯೌವನವನ್ನು ಮುಂಬಯಿಯ ಹೋಟೆಲ್ ವಾದ್ಯವೃಂದಗಳಲ್ಲಿಯೂ ಪ್ರಯಾಣಿಕರ ಹಡಗುಗಳಲ್ಲಿಯೂ ಕಳೆದು, ಪತ್ನಿಯ ಊರೆಂಬ ಕಾರಣದಿಂದ ಮಂಗಳೂರಿನಲ್ಲಿ ನೆಲೆಸಿದವರು. ಈ ದಾರಿ ಅವರೊಬ್ಬರದೇ ಅಲ್ಲ. ಪೋರ್ಚುಗೀಸರ ಕಾಲದ ಗೋವಾದಲ್ಲಿ ಬಲಿಪೂಜೆಯ ಗಾಯನಕ್ಕಾಗಿ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ ಇಗರ್ಜಿ ಶಾಲೆಗಳೇ ಮುಂಬಯಿಯ ಜಾಝ್ ವೃಂದಗಳಿಗೆ ವಾದಕರನ್ನು ಒದಗಿಸಿದವು. ಚಿಕ್ ಚಾಕೊಲೇಟ್ ಎಂದು ಪ್ರಸಿದ್ಧರಾದ ತುತೂರಿ ವಾದಕರು 1951ರ ‘ಅಲ್‌ಬೇಲಾ’ ಹಿಂದಿ ಚಿತ್ರದಲ್ಲಿ ತಮ್ಮ ವೃಂದದೊಡನೆ ತೆರೆಯ ಮೇಲೆಯೂ ಕಾಣಿಸಿಕೊಂಡರು. ಮಜೋರ್ಡಾ ಗ್ರಾಮದ ಆಂಟನಿ ಗೊನ್ಸಾಲ್ವಿಸ್ ಅವರು ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಗುರುಗಳು. ರಾತ್ರಿ ಹೋಟೆಲಿನಲ್ಲಿ ಜಾಝ್, ಹಗಲು ಸ್ಟುಡಿಯೊದಲ್ಲಿ ಸಿನಿಮಾ, ಭಾನುವಾರ ಬಲಿಪೂಜೆ ಎಂಬುದು ಆ ತಲೆಮಾರಿನ ಎಷ್ಟೋ ಮಂದಿಯ ದಿನಚರಿಯಾಗಿತ್ತು.

ಜಾಝ್ ಎಂದರೇನೆಂದು ಕೇಳುವ ಹಿರಿಯರಿಗಾಗಿ ಎರಡು ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನರ ನಡುವೆ ರೂಪುಗೊಂಡ ಸಂಗೀತವಿದು. ಹಾಡಿನ ಧಾಟಿಯನ್ನು ಒಮ್ಮೆ ನುಡಿಸಿದ ಬಳಿಕ, ಅದೇ ಕಾರ್ಡ್‌ಗಳ ಚೌಕಟ್ಟಿನೊಳಗೆ ವಾದಕನು ಆ ಕ್ಷಣಕ್ಕೆ ತೋಚಿದ ಹೊಸ ಧಾಟಿಯನ್ನು ಕಟ್ಟುತ್ತಾ ಹೋಗುತ್ತಾನೆ. ಕರ್ನಾಟಕ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಇದು ತೀರಾ ಅಪರಿಚಿತವೆನಿಸದು.

ನನಗೆ ಜಾಝ್ ಬೇಕಾಗಿರಲಿಲ್ಲ. ಇಗರ್ಜಿಯ ಹಾಡುಗಳಿಗೆ ಇನ್ನಷ್ಟು ಚೆನ್ನಾಗಿ ನುಡಿಸಬೇಕೆಂದಷ್ಟೇ ಬಯಸಿದ್ದೆ. ಗುರುಗಳು ಕಲಿಸುವುದು ಮಾತ್ರ ಅದನ್ನೇ. ಶನಿವಾರ ಮಧ್ಯಾಹ್ನ ಮೂರಕ್ಕೆ ಒಂದು ಗಂಟೆಯ ಪಾಠ, ಪಾಠವೊಂದಕ್ಕೆ 600 ರೂಪಾಯಿ. ಮನೆಯಲ್ಲಿ ಇದನ್ನು ತಿಳಿಸಿದಾಗ, ಅಷ್ಟು ಹಣಕ್ಕೆ ಎಷ್ಟು ಅಂಜಲ್ ಮೀನು ಬರುತ್ತದೆಂಬ ಲೆಕ್ಕ ಕೇಳಬೇಕಾಯಿತು. ಹಣಕ್ಕಿಂತ ಹೆಚ್ಚಿನ ಬೇಸರ ಬೇರೆಯೇ ಇತ್ತೆಂದು ನನಗೆ ಅರಿವಾದದ್ದು ಕೆಲವು ತಿಂಗಳ ಬಳಿಕ. ಮಕ್ಕಳಿಲ್ಲದ ಮನೆಯಲ್ಲಿ ವಾರದ ಒಂದು ಮಧ್ಯಾಹ್ನ ನಾನೂ ಇರುತ್ತಿರಲಿಲ್ಲ. ಇದ್ದ ದಿನಗಳಲ್ಲಿ ಬಾಗಿಲು ಮುಚ್ಚಿ ಅಭ್ಯಾಸ ಮಾಡುತ್ತಿದ್ದೆ.

ಮೊದಲ ಪಾಠದಲ್ಲಿ ಗುರುಗಳು ನಾನು ಅತ್ಯಂತ ಚೆನ್ನಾಗಿ ಬಲ್ಲ ಭಕ್ತಿಗೀತೆಯೊಂದನ್ನು ನುಡಿಸಲು ಹೇಳಿದರು. ನುಡಿಸಿದೆ. ಮೂರನೆಯ ಸಾಲಿನಲ್ಲಿ ಆ ಕಾರ್ಡನ್ನೇ ಏಕೆ ಹಿಡಿದಿರೆಂದು ಕೇಳಿದರು. ಪುಸ್ತಕದಲ್ಲಿ ಹಾಗಿದೆ ಎಂದೆ. ಅದರಲ್ಲಿರುವ ಸ್ವರಗಳಾವುವು ಎಂದರು. ಉತ್ತರ ತಿಳಿದಿರಲಿಲ್ಲ. ಹಾಗಾದರೆ ಹಾಡಿ ತೋರಿಸಿ ಎಂದರು, ಅದೂ ಸಾಧ್ಯವಾಗಲಿಲ್ಲ. ಕಚೇರಿಯಲ್ಲಿ ಹನ್ನೆರಡು ಮಂದಿ ನನ್ನ ಸಹಿಗಾಗಿ ಕಾಯುತ್ತಾರೆ. ಇಲ್ಲಿ ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗಾಗಿ ಕುಳಿತಿದ್ದ ಏಳನೆಯ ತರಗತಿಯ ಬಾಲಕಿಯೊಬ್ಬಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆ ದಿನ ಮನೆಗೆ ಬಂದು, ಇನ್ನು ಹೋಗುವುದು ಬೇಡವೆಂದೇ ನಿರ್ಧರಿಸಿದ್ದೆ. ನಾಲ್ಕು ಪಾಠಗಳ ಹಣವನ್ನು ಮುಂಗಡವಾಗಿ ಕೊಟ್ಟಿದ್ದೆನೆಂಬ ಒಂದೇ ಕಾರಣಕ್ಕೆ ಮತ್ತೆ ಹೋದೆ.

ಆರು ವಾರ ಒಂದೇ ಪಾಠ ನಡೆಯಿತು. ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್ ಎಂಬ ಮೂರು ಕಾರ್ಡ್‌ಗಳು. ಜಾಝ್ ಹಾಡುಗಳಲ್ಲಿ ಈ ಮೂರರ ಸರಣಿ ಒಂದಲ್ಲ ಒಂದು ಶ್ರುತಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ನಾನು ಕಲಿತಿದ್ದ ರೀತಿಯಲ್ಲಿ ಪ್ರತಿ ಕಾರ್ಡಿಗೂ ಇಡೀ ಕೈ ಎತ್ತಿ ಬೇರೆಡೆ ಇಡಬೇಕಿತ್ತು. ಗುರುಗಳು ಆರು ತಂತಿಗಳಲ್ಲಿ ಮೂರನ್ನಷ್ಟೇ ನುಡಿಸಬೇಕೆಂದರು. ಡಿ ಮೈನರ್‌ಗೆ ನಾಲ್ಕನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಒಂದು ಬೆರಳು, ಮೂರನೆಯ ತಂತಿಯ ಐದನೆಯ ಫ್ರೆಟ್‌ನಲ್ಲಿ ಇನ್ನೊಂದು. ಮುಂದಿನ ಕಾರ್ಡಿಗೆ ಹೋಗುವಾಗ ಮೊದಲನೆಯದು ಇದ್ದಲ್ಲೇ ಇರಬೇಕು, ಎರಡನೆಯದು ಒಂದು ಫ್ರೆಟ್ ಮಾತ್ರ ಕೆಳಗಿಳಿಯಬೇಕು. ಅದರ ಮುಂದಿನದಕ್ಕೆ ಎರಡನೆಯದು ನಿಲ್ಲಬೇಕು, ಮೊದಲನೆಯದು ಒಂದು ಫ್ರೆಟ್ ಇಳಿಯಬೇಕು. ತಳದ ಸ್ವರವೊಂದು ಮಾತ್ರ ಐದನೆಯ ತಂತಿಯಿಂದ ಆರನೆಯದಕ್ಕೆ ಹೋಗಿ ಮತ್ತೆ ಐದನೆಯದಕ್ಕೆ ಮರಳುತ್ತದೆ. ಅಷ್ಟೇ. ಕೈ ಎತ್ತುವ ಪ್ರಶ್ನೆಯೇ ಇಲ್ಲ. ಒಂದು ಸ್ವರ ಕಾಯುತ್ತದೆ, ಇನ್ನೊಂದು ಸರಿಯುತ್ತದೆ. ಮರುಕ್ಷಣ ಸರಿದದ್ದು ಕಾಯುತ್ತದೆ, ಕಾದದ್ದು ಸರಿಯುತ್ತದೆ. ಮೊದಲ ಬಾರಿ ಅದು ಸರಿಯಾಗಿ ಕೇಳಿಸಿದಾಗ ನನಗಾದ ಸಂತೋಷವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಅಂದು ಸಂಜೆ ಮನೆಗೆ ಬಂದವನೇ ಪತ್ನಿಯನ್ನು ಕರೆದು ಇದನ್ನು ತೋರಿಸಿದೆ. ಆಕೆ ಗಾಯನ ಮಂಡಳಿಯಲ್ಲಿ ಮೂವತ್ತು ವರ್ಷಗಳಿಂದ ಆಲ್ಟೊ ಹಾಡುವವಳು. ನಾಲ್ಕು ಧ್ವನಿಗಳ ಹಾಡಿನಲ್ಲಿ ಸೊಪ್ರಾನೊದವರಿಗೆ ಧಾಟಿಯಿರುತ್ತದೆ, ಜನರಿಗೆ ಕೇಳಿಸುವುದೂ ಅದೇ. ಆಲ್ಟೊದವರು ಒಂದೇ ಸ್ವರವನ್ನು ಹಿಡಿದು ನಿಂತು, ಸಮಯ ಬಂದಾಗ ಅರ್ಧ ಹೆಜ್ಜೆ ಸರಿಯುತ್ತಾರೆ. ಆಕೆ ಸುಮ್ಮನೆ ಕೇಳಿದಳು. ಬಳಿಕ ಪಾಸ್ಕ ಹಬ್ಬದ ಗೀತೆಯೊಂದರ ತನ್ನ ಸಾಲನ್ನು ಮೆಲ್ಲಗೆ ಗುನುಗಿದಳು. ನನ್ನ ಎರಡು ಬೆರಳುಗಳು ಮಾಡಿದ್ದನ್ನೇ ಆಕೆಯ ಕಂಠ ಮಾಡಿತು. “ಇಷ್ಟನ್ನು ತಿಳಿಯಲು ಆರು ವಾರ ಆರುನೂರರಂತೆ ಕೊಟ್ಟಿರಾ? ನನ್ನನ್ನು ಕೇಳಿದ್ದರೆ ಆಗುತ್ತಿರಲಿಲ್ಲವೇ?” ಎಂದಳು. 26 ವರ್ಷ ಆಕೆಯಿಂದ ಆರಡಿ ದೂರದಲ್ಲಿ ನಿಂತು ಗಿಟಾರ್ ಬಾರಿಸಿದ ನಾನು ಒಮ್ಮೆಯೂ ಆ ಸಾಲನ್ನು ಕೇಳಿಸಿಕೊಂಡಿರಲಿಲ್ಲ. ಅಂದಿನಿಂದ ಅಭ್ಯಾಸದ ವೇಳೆ ಬಾಗಿಲು ಮುಚ್ಚುವುದು ನಿಂತಿತು.

ಇದಾದ ಕೆಲವು ತಿಂಗಳಲ್ಲಿ ಒಂದು ಎಡವಟ್ಟೂ ಆಯಿತು. ಕಲಿತದ್ದನ್ನು ತೋರಿಸುವ ಉತ್ಸಾಹದಲ್ಲಿ ಒಂದು ಭಾನುವಾರ ಪರಮಪ್ರಸಾದ ಸ್ವೀಕಾರದ ಗೀತೆಗೆ ಹೊಸ ಕಾರ್ಡ್‌ಗಳನ್ನೆಲ್ಲ ಸೇರಿಸಿ ನುಡಿಸಿದೆ. ಎರಡನೆಯ ಚರಣಕ್ಕೆ ಮುಂದಿನ ಸಾಲಿನ ಅಜ್ಜಿಯಂದಿರು ಹಾಡುವುದನ್ನು ನಿಲ್ಲಿಸಿದರು. ಮೂರನೆಯದಕ್ಕೆ ಇಗರ್ಜಿಯಲ್ಲಿ ಗಿಟಾರಿನ ದನಿ ಮಾತ್ರ ಉಳಿಯಿತು. ಪೂಜೆಯ ನಂತರ ಧರ್ಮಗುರುಗಳು ಗದರಿಸಲಿಲ್ಲ; ಜನರಿಗೆ ಧಾಟಿ ಸಿಗಲಿಲ್ಲವೆಂದಷ್ಟೇ ಹೇಳಿದರು. ನಾನು ಎರಡು ವಾರ ಮುನಿಸಿಕೊಂಡಿದ್ದೆ. ಬಾರ್‌ಗಳ ಸಂಗೀತವನ್ನು ದೇವರ ಸನ್ನಿಧಿಗೆ ತರುತ್ತಿದ್ದಾನೆ ಎಂದು ಗಾಯನ ಮಂಡಳಿಯ ಹಿರಿಯರೊಬ್ಬರು ಆಡಿದ ಮಾತು ಹೆಚ್ಚು ನೋಯಿಸಿತ್ತು.

ಈ ಚರ್ಚೆ ಹಳೆಯದು. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನ, ಪೋಪ್ ಹತ್ತನೆಯ ಪಿಯುಸ್ ಅವರು ಹೊರಡಿಸಿದ ಆದೇಶದಲ್ಲಿ ಇಗರ್ಜಿಯೊಳಗೆ ಪಿಯಾನೊವನ್ನೂ ನಿಷೇಧಿಸಲಾಗಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ 1963ರ ಡಿಸೆಂಬರ್ 4ರ ಶಾಸನ ಪೈಪ್ ಆರ್ಗನ್‌ಗೆ ಗೌರವದ ಸ್ಥಾನವನ್ನು ಉಳಿಸಿಕೊಂಡು, ಪವಿತ್ರ ಬಳಕೆಗೆ ತಕ್ಕುದಾದ ಇತರ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ ಬಾಗಿಲು ತೆರೆಯಿತು. ನಮ್ಮ ಗಿಟಾರ್ ಒಳಗೆ ಬಂದದ್ದು ಆ ಬಾಗಿಲಿನಿಂದ. ಜಾಝ್ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ 1957ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅವರು ರಚಿಸಿದ ಬಲಿಪೂಜೆಯ ಸಂಗೀತವನ್ನು 1975ರಲ್ಲಿ ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿಯೇ ಹಾಡಲಾಯಿತು. ಇನ್ನೊಬ್ಬ ಪ್ರಸಿದ್ಧ ವಾದಕ ಡೇವ್ ಬ್ರೂಬೆಕ್ ಬಲಿಪೂಜೆಯೊಂದಕ್ಕೆ ಸಂಗೀತ ರಚಿಸಿಕೊಟ್ಟರು. ಅದರಲ್ಲಿ ಪರಲೋಕ ಪ್ರಾರ್ಥನೆ ಬಿಟ್ಟುಹೋಗಿರುವುದನ್ನು ಧರ್ಮಗುರುವೊಬ್ಬರು ಗಮನಿಸಿ ಹೇಳಿದರಂತೆ. ಬಳಿಕ ಅದರ ಸಂಗೀತ ಬ್ರೂಬೆಕ್ ಅವರಿಗೆ ಕನಸಿನಲ್ಲಿ ಕೇಳಿಸಿತು. 1980ರಲ್ಲಿ ಅವರೂ ಕಥೋಲಿಕರಾದರು.

ಈ ಉದಾಹರಣೆಗಳನ್ನೆಲ್ಲ ಸಂಗ್ರಹಿಸಿಕೊಂಡು ವಾದ ಮಾಡಲು ಸಿದ್ಧನಾಗಿದ್ದೆ. ಗುರುಗಳು ಕೇಳಿಸಿಕೊಂಡು, ಅಜ್ಜಿಯಂದಿರು ಹಾಡುವಾಗ ನೀವೇಕೆ ಅಷ್ಟೊಂದು ನುಡಿಸಿದಿರಿ ಎಂದರು. ಹೋಟೆಲಿನಲ್ಲಿ ಗಾಯಕಿ ಹಾಡುವಾಗ ತಾವು ಅಷ್ಟು ನುಡಿಸಿದ್ದರೆ ಅದೇ ರಾತ್ರಿ ಕೆಲಸ ಹೋಗುತ್ತಿತ್ತು ಎಂದೂ ಹೇಳಿದರು. ಈಗ ಭಾನುವಾರಗಳಂದು ಹಳೆಯ ಕಾರ್ಡ್‌ಗಳನ್ನೇ ನುಡಿಸುತ್ತೇನೆ, ತಪ್ಪಾಗಿದ್ದ ಎರಡನ್ನು ತಿದ್ದಿಕೊಂಡಿದ್ದೇನೆ. ಗಾಯನ ಮಂಡಳಿಯ ಹಿರಿಯರ ಅಭಿಪ್ರಾಯ ಇನ್ನೂ ಬದಲಾಗಿಲ್ಲ. ಅವರ ಮಾತಿನಲ್ಲಿ ಅರ್ಧ ನ್ಯಾಯವಿದೆ ಎಂದು ನನಗೂ ತೋರುತ್ತದೆ.

ತಡವಾಗಿ ಕಲಿಯುವವರಿಗೆ ಧೈರ್ಯ ಹೇಳುವಾಗ ಎಲ್ಲರೂ ವೆಸ್ ಮಾಂಟ್‌ಗಮರಿಯ ಹೆಸರೆತ್ತುತ್ತಾರೆ. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ವಾದಕನ ರೆಕಾರ್ಡ್ ಕೇಳಿ ಕಲಿಯತೊಡಗಿದ ಆತ ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ನುಡಿಸುತ್ತಿದ್ದ. ಮನೆಯವರಿಗೂ ನೆರೆಯವರಿಗೂ ತೊಂದರೆಯಾಗದಿರಲೆಂದು ಪಿಕ್ ಬಿಟ್ಟು ಹೆಬ್ಬೆರಳಿನಲ್ಲಿ ಮೀಟಿದನೆಂದು ಹೇಳುತ್ತಾರೆ. ಆದರೆ ಇಪ್ಪತ್ತು ಬೇರೆ, ಐವತ್ತನಾಲ್ಕು ಬೇರೆ. ನಮಗೆ ಹತ್ತಿರದವರು ಕಾರ್ಲ್‌ಟನ್ ಕಿಟ್ಟೊ. ಬೆಂಗಳೂರಿನಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ನೆಲೆಸಿ, ಜಾಝ್ ಗಿಟಾರನ್ನು ನುಡಿಸುತ್ತಾ ಕಲಿಸುತ್ತಾ ಬಾಳಿ 2016ರಲ್ಲಿ ತೀರಿಕೊಂಡರು. ಅಂಥವರ ಎದುರು ಕುಳಿತು ಕಲಿತವರು ಭಾಗ್ಯವಂತರು. ಪುಸ್ತಕವಾಗಲಿ ಮೊಬೈಲಿನಲ್ಲಿ ಬರುವ ಪಾಠವಾಗಲಿ, ನಿಮ್ಮ ಕಿರುಬೆರಳು ವಿನಾಕಾರಣ ಎದ್ದು ನಿಲ್ಲುತ್ತಿದೆ ಎಂದು ಹೇಳಲಾರದು.

ಐವತ್ತು ದಾಟಿದವರಿಗೆ ಬರುವ ಕಷ್ಟಗಳನ್ನೂ ಮರೆಮಾಚಬಾರದು. ನೆನಪು ಜಾರುತ್ತದೆ. ಬೆರಳ ಗಂಟುಗಳು ಬೆಳಗ್ಗೆ ಬಿಗಿಯಾಗಿರುತ್ತವೆ. ಶುಕ್ರವಾರ ರಾತ್ರಿ ಮೂರು ಗಂಟೆ ಕುಳಿತು ವಾರದ ಸಾಲ ತೀರಿಸುವುದು ನಡೆಯದು. ದಿನಕ್ಕೆ ಅರ್ಧ ಗಂಟೆ ಬೇಕೇ ಬೇಕು, ತಪ್ಪಿಸಿದರೆ ಗುರುಗಳಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮೆಟ್ರೊನೋಮ್ ನಾಲ್ಕು ಪೆಟ್ಟುಗಳಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ಮಾತ್ರ ಹೊಡೆಯುವಂತೆ ಇಟ್ಟು, ಉಳಿದೆರಡನ್ನು ನಾವೇ ಮನಸ್ಸಿನಲ್ಲಿ ಎಣಿಸಬೇಕು. ಇದು ನನಗೆ ಇನ್ನೂ ಕೈಗೂಡಿಲ್ಲ. ಎಡಗೈಯ ಬೆರಳ ತುದಿಗಳು ದಡ್ಡುಗಟ್ಟಿ, ಜಪಸರದ ಮಣಿಗಳು ಸರಿಯಾಗಿ ತಿಳಿಯುವುದಿಲ್ಲ. ಹತ್ತರ ಲೆಕ್ಕ ಎರಡು ಬಾರಿ ಹನ್ನೊಂದಾದ ಮೇಲೆ ಬಲಗೈಗೆ ಬದಲಾಯಿಸಿಕೊಂಡೆ.

ಕಳೆದ ಕ್ರಿಸ್ಮಸ್‌ಗೆ ಮಗ ರಜೆಯಲ್ಲಿ ಬಂದಿದ್ದ. ಗಿಟಾರನ್ನು ತೊಡೆಯ ಮೇಲಿರಿಸಿಕೊಂಡು ತನ್ನ ಹಳೆಯ ಹಾಡುಗಳನ್ನು ಬಾರಿಸಿದ. ತಾಯಿ ಅಡುಗೆಮನೆಯಿಂದಲೇ ಆಲ್ಟೊ ಸೇರಿಸಿದಳು. ಹಿಂದಿರುಗುವ ಮುನ್ನಾದಿನ, ಇದು ನಿನ್ನದಲ್ಲವೇ, ಕೊಂಡೊಯ್ಯುವೆಯಾ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ವಿಮಾನದಲ್ಲಿ ತೂಕ ಹೆಚ್ಚಾಗುತ್ತದೆ ಡ್ಯಾಡಿ, ಇಲ್ಲೇ ಇರಲಿ ಎಂದ. ಈಗ ಅದು ಕಪಾಟಿನ ಮೇಲಿಲ್ಲ, ಊಟದ ಮೇಜಿನ ಪಕ್ಕದ ಗೋಡೆಗೆ ತೂಗುಹಾಕಿದೆ. ‘ಆಟಮ್ ಲೀವ್ಸ್’ ಎಂಬ ಹಳೆಯ ಹಾಡನ್ನು ಇ ಮೈನರ್‌ನಲ್ಲಿ ನುಡಿಸಲು ನಾಲ್ಕು ತಿಂಗಳು ಹಿಡಿಯಿತು. ಬರುವ ಶನಿವಾರ ಅದನ್ನೇ ಜಿ ಮೈನರ್‌ನಲ್ಲಿ ನುಡಿಸಿ ತೋರಿಸಬೇಕಾಗಿದೆ. ಎರಡನೆಯ ಭಾಗ ಇನ್ನೂ ಬರುವುದಿಲ್ಲ.