ಬಾಳೆಕಾಯಿ ಉಪ್ಪೇರಿಯ ಆಹಾರಮೌಲ್ಯ

ಬಾಳೆಹಣ್ಣು ನಮ್ಮ ಜನಕ್ಕೆ ಅತ್ಯಂತ ಪರಿಚಿತವಾದ ಆಹಾರ. ಎಳೆಯ ಮಕ್ಕಳಿಗೂ ವೃದ್ಧರಿಗೂ ರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಅದನ್ನು ಧೈರ್ಯದಿಂದ ಕೊಡುವುದುಂಟು. ಹಣ್ಣಿನ ಈ ಸತ್ಕೀರ್ತಿಯು ಅದರ ಕಾಯನ್ನು ಕರಿದು ಮಾಡಿದ ತಿಂಡಿಗೂ ಹರಿದುಬಂದಿರುವುದು ಸಹಜವೇ. ಹೇಗಿದ್ದರೂ ಬಾಳೆಕಾಯಿಯಲ್ಲವೆ ಎಂದುಕೊಂಡು ಮಕ್ಕಳ ಬುತ್ತಿಗೆ ಇದನ್ನು ತುಂಬುವವರಿದ್ದಾರೆ. ಸಕ್ಕರೆ ಹಾಕಿಲ್ಲವೆಂಬ ಕಾರಣದಿಂದ ಮಧುಮೇಹವುಳ್ಳವರು ನಿಶ್ಚಿಂತೆಯಿಂದ ತಿನ್ನುವುದೂ ಉಂಟು. ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಮಾಡುತ್ತೇವೆ.

ಕೇರಳದಲ್ಲಿ ಉಪ್ಪೇರಿಯೆಂದೂ, ನಮ್ಮ ಕರಾವಳಿಯ ಕೆಲವೆಡೆ ಸೋಂಟೆಯೆಂದೂ, ಈಗ ಎಲ್ಲೆಲ್ಲಿಯೂ ಚಿಪ್ಸ್ ಎಂದೂ ಕರೆಯಲ್ಪಡುವ ಈ ತಿಂಡಿಗೆ ನೇಂದ್ರ ಬಾಳೆಯೇ ಶ್ರೇಷ್ಠವಾದುದು. ಚೆನ್ನಾಗಿ ಬಲಿತು ಇನ್ನೂ ಹಣ್ಣಾಗದಿರುವ ಕಾಯನ್ನು ಸುಲಿದು, ತೆಳ್ಳಗೆ ಬಿಲ್ಲೆಗಳಾಗಿ ಹೆರೆದು, ಕಾದ ಕೊಬ್ಬರಿ ಎಣ್ಣೆಯಲ್ಲಿ ಕರಿಯುತ್ತಾರೆ. ಬಿಲ್ಲೆಗಳು ಗರಿಗರಿಯಾಗುತ್ತ ಬಂದಾಗ ಉಪ್ಪು ಮತ್ತು ಅರಿಸಿನದ ನೀರನ್ನು ಬಾಣಲೆಯ ಎಣ್ಣೆಗೇ ಚಿಮುಕಿಸುವುದು ಕೇರಳದ ಪದ್ಧತಿ. ನೋಡುವವರಿಗೆ ಭಯವಾಗುವಂತೆ ಎಣ್ಣೆ ಉಕ್ಕಿ ಭೋರ್ಗರೆಯುತ್ತದೆ. ನೀರು ಆವಿಯಾಗಿ ಹೋಗಿ ಉಪ್ಪು ಬಿಲ್ಲೆಗಳ ಮೇಲೆ ನಿಲ್ಲುತ್ತದೆ. ನೇಂದ್ರವನ್ನೇ ಆರಿಸುವುದಕ್ಕೆ ಕಾರಣವೇನೆಂದರೆ, ಇತರ ಬಾಳೆಗಳಿಗೆ ಹೋಲಿಸಿದರೆ ಅದರ ತಿರುಳಿನಲ್ಲಿ ನೀರು ಕಡಮೆ, ಪಿಷ್ಟ ಹೆಚ್ಚು. ಮಾಗಿದ ಹಣ್ಣು ಈ ಕೆಲಸಕ್ಕೆ ಬಾರದು. ಮಾಗುವಾಗ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದರಿಂದ ಅಂತಹ ಬಿಲ್ಲೆಯು ಗರಿಯಾಗುವ ಮೊದಲೇ ಕಂದಿ ಕಪ್ಪಾಗುತ್ತದೆ.

ಕರಿಯುವುದೆಂದರೆ ಕೇವಲ ಬೇಯಿಸುವುದಲ್ಲ, ನೀರನ್ನು ತೆಗೆದು ಅದರ ಸ್ಥಾನದಲ್ಲಿ ಎಣ್ಣೆಯನ್ನು ತುಂಬುವ ಕ್ರಿಯೆ. ಕಾದ ಎಣ್ಣೆಯಲ್ಲಿ ತಿರುಳಿನ ನೀರು ಆವಿಯಾಗಿ ರಭಸದಿಂದ ಹೊರಬೀಳುವಾಗ ಬಿಲ್ಲೆಯಲ್ಲಿ ಸೂಕ್ಷ್ಮ ರಂಧ್ರಗಳುಂಟಾಗುತ್ತವೆ. ಆವಿಯ ಒತ್ತಡವಿರುವವರೆಗೆ ಎಣ್ಣೆಯು ಹೆಚ್ಚಾಗಿ ಒಳಹೋಗಲಾರದು. ಬಿಲ್ಲೆಯನ್ನು ಹೊರತೆಗೆದು ಅದು ಆರತೊಡಗಿದಾಗ ಒಳಗಿನ ಆವಿಯು ಸಂಕುಚಿತವಾಗಿ, ಮೇಲ್ಮೈಗೆ ಅಂಟಿಕೊಂಡಿರುವ ಎಣ್ಣೆಯು ರಂಧ್ರಗಳೊಳಕ್ಕೆ ಸೆಳೆಯಲ್ಪಡುತ್ತದೆ. ಆದುದರಿಂದ ಬಾಣಲೆಯಿಂದ ತೆಗೆದ ಕೂಡಲೆ ಜಾಲರಿಯ ಮೇಲೆ ಬಿಸಿಯಾಗಿರುವಾಗಲೇ ಎಣ್ಣೆ ಬಸಿಯುವಂತೆ ಮಾಡುವುದರಲ್ಲಿ ಅರ್ಥವಿದೆ. ಬಿಲ್ಲೆ ತೆಳುವಾದಷ್ಟೂ ತೂಕಕ್ಕೆ ಹೋಲಿಸಿದಲ್ಲಿ ಮೇಲ್ಮೈ ಹೆಚ್ಚು, ಎಣ್ಣೆಯೂ ಹೆಚ್ಚು.

ಈಗ ಲೆಕ್ಕವನ್ನು ನೋಡೋಣ. ಸುಲಿದ ನೇಂದ್ರದ ಕಾಯಿ ೧೦೦ ಗ್ರಾಂ ತೆಗೆದುಕೊಂಡರೆ ಅದರಲ್ಲಿ ನೀರು ಸುಮಾರು ೬೫ ಗ್ರಾಂ, ಘನಪದಾರ್ಥ ೩೫ ಗ್ರಾಂ ಇರುತ್ತದೆಂದು ಇಟ್ಟುಕೊಳ್ಳಬಹುದು. ಈ ಘನಪದಾರ್ಥದಲ್ಲಿ ಬಹುಭಾಗ ಪಿಷ್ಟ. ಪ್ರೋಟೀನು ಒಂದೂವರೆ ಗ್ರಾಮನ್ನು ಮೀರದು. ಕೊಬ್ಬು ಅರ್ಧ ಗ್ರಾಮಿಗೂ ಕಡಮೆ. ಒಟ್ಟು ಶಕ್ತಿ ೧೨೫ ಕ್ಯಾಲೊರಿಗಳ ಆಸುಪಾಸು. ಉಪ್ಪೇರಿಯಲ್ಲಿ ಎಣ್ಣೆಯ ಅಂಶವು ಕಾಯಿಯನ್ನೂ ಬಿಲ್ಲೆಯ ದಪ್ಪವನ್ನೂ ಅನುಸರಿಸಿ ವ್ಯತ್ಯಾಸವಾಗುತ್ತದೆ. ಶೇಕಡ ೩೫ ಎಣ್ಣೆ, ಶೇಕಡ ೪ ತೇವ ಎಂದು ಭಾವಿಸಿದರೆ, ಮಿಕ್ಕ ಶೇಕಡ ೬೧ ಮಾತ್ರ ಬಾಳೆಯದು. ಅಂದಮೇಲೆ ೧೦೦ ಗ್ರಾಂ ತಿರುಳಿನಿಂದ ಸುಮಾರು ೫೭ ಗ್ರಾಂ ಉಪ್ಪೇರಿ ದೊರೆಯುತ್ತದೆ. ಅದರಲ್ಲಿ ೨೦ ಗ್ರಾಂ ಎಣ್ಣೆ. ಒಂದು ಗ್ರಾಂ ಎಣ್ಣೆಗೆ ೯ ಕ್ಯಾಲೊರಿಗಳಂತೆ ಅದೊಂದರಿಂದಲೇ ೧೮೦ ಕ್ಯಾಲೊರಿ. ಬಾಳೆಯ ೧೨೫ನ್ನು ಕೂಡಿಸಿದರೆ ೩೦೫. ಶಕ್ತಿಯ ದೃಷ್ಟಿಯಿಂದ ನೋಡಿದರೆ ಈ ತಿಂಡಿಯ ಐದು ಪಾಲಿನಲ್ಲಿ ಮೂರು ಪಾಲು ಎಣ್ಣೆ, ಎರಡು ಪಾಲು ಬಾಳೆ. ಬಾಳೆಕಾಯಿಯ ಉಪ್ಪೇರಿಯೆಂಬುದಕ್ಕಿಂತ ಬಾಳೆಕಾಯಿ ಬೆರೆತ ಎಣ್ಣೆಯೆಂದರೂ ತಪ್ಪಾಗಲಾರದು!

ಆ ಎಣ್ಣೆಯ ಗುಣವನ್ನು ಕುರಿತು ಎರಡು ಮಾತು ಅವಶ್ಯ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಶೇಕಡ ೮೫ಕ್ಕೂ ಮೇಲ್ಪಟ್ಟು ಪರ್ಯಾಪ್ತವಾದವು. ಅರ್ಧದಷ್ಟು ಲಾರಿಕ್ ಆಮ್ಲವೊಂದೇ ಇರುತ್ತದೆ. ಪರ್ಯಾಪ್ತವಾದ ಕಾರಣ ಗಾಳಿಯ ಆಮ್ಲಜನಕವು ಅದನ್ನು ಬೇಗನೆ ಕೆಡಿಸಲಾರದು. ಉಪ್ಪೇರಿಯು ಡಬ್ಬಿಯಲ್ಲಿ ವಾರಗಟ್ಟಲೆ ಕಮಟು ಹಿಡಿಯದೆ ಉಳಿಯುವುದರ ಗುಟ್ಟು ಇದೇ. ತೇವ ಸೇರಿದರೆ ಮಾತ್ರ ಲಾರಿಕ್ ಆಮ್ಲವು ಬಿಡುಗಡೆಯಾಗಿ ಸಾಬೂನಿನಂತಹ ರುಚಿ ಬರುತ್ತದೆ. ಆದರೆ ಡಬ್ಬಿಯಲ್ಲಿ ಗುಣವಾದದ್ದು ರಕ್ತದಲ್ಲಿಯೂ ಗುಣವೆಂದು ಹೇಳುವಂತಿಲ್ಲ. ಪರ್ಯಾಪ್ತ ಮೇದಾಮ್ಲಗಳು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತವೆ. ದಿನದ ಒಟ್ಟು ಶಕ್ತಿಯಲ್ಲಿ ಇವುಗಳ ಪಾಲು ಶೇಕಡ ೧೦ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ತನ್ನ ಸೂಚನೆಯಲ್ಲಿ ತಿಳಿಸಿದೆ. ೨೦೦೦ ಕ್ಯಾಲೊರಿಗಳ ಆಹಾರಕ್ಕೆ ಇದು ಸುಮಾರು ೨೨ ಗ್ರಾಂ. ಒಂದು ಹಿಡಿ, ಎಂದರೆ ೩೦ ಗ್ರಾಂ ಉಪ್ಪೇರಿಯಲ್ಲಿ ೯ ಗ್ರಾಂ ಬಂದುಬಿಡುತ್ತದೆ. ೧೦೦ ಗ್ರಾಂ ಪೊಟ್ಟಣವನ್ನು ಒಬ್ಬರೇ ಮುಗಿಸಿದರೆ ೩೦ ಗ್ರಾಂ. ಬೇರೆ ಎಣ್ಣೆಯಲ್ಲಿ ಕರಿದರೆ ಈ ಅಂಕೆ ಇಳಿಯುತ್ತದೆ, ಕ್ಯಾಲೊರಿಗಳು ಇಳಿಯುವುದಿಲ್ಲ.

ಬಾಳೆಯ ಪ್ರಸಿದ್ಧಿಗೆ ಮುಖ್ಯ ಕಾರಣವಾದ ಪೊಟಾಸಿಯಂ ಏನಾಗುತ್ತದೆ? ಅದು ಖನಿಜವಾದುದರಿಂದ ಶಾಖಕ್ಕೆ ನಾಶವಾಗದು. ಹೆರೆದ ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿದರೆ ಸ್ವಲ್ಪ ಭಾಗ ಕರಗಿಹೋಗುತ್ತದೆ. ಏನೂ ನಷ್ಟವಾಗಲಿಲ್ಲವೆಂದೇ ಭಾವಿಸೋಣ. ೩೦ ಗ್ರಾಂ ಉಪ್ಪೇರಿಯಲ್ಲಿರುವುದು ೫೩ ಗ್ರಾಂ ತಿರುಳು. ಅದರಿಂದ ದೊರೆಯುವ ಪೊಟಾಸಿಯಂ ಸುಮಾರು ೨೫೦ ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ೩೫೦೦ ಮಿಲಿಗ್ರಾಂ. ಅದೇ ೫೩ ಗ್ರಾಂ ಕಾಯನ್ನು ಸಿಪ್ಪೆಸಹಿತ ಬೇಯಿಸಿ ಪಲ್ಯ ಮಾಡಿ ತಿಂದರೆ, ಒಗ್ಗರಣೆಯನ್ನು ಬಿಟ್ಟು, ಹೆಚ್ಚುಕಡಮೆ ಅಷ್ಟೇ ಪೊಟಾಸಿಯಂ ೬೫ ಕ್ಯಾಲೊರಿಗಳಲ್ಲಿ ಲಭಿಸುತ್ತದೆ. ಉಪ್ಪೇರಿಯಲ್ಲಿ ೧೬೦ ಕ್ಯಾಲೊರಿಗಳನ್ನು ತೆರಬೇಕು. ಇದಲ್ಲದೆ, ರಕ್ತದೊತ್ತಡವುಳ್ಳವರಿಗೆ ಪೊಟಾಸಿಯಂ ಹಿತವೆಂಬ ಮಾತಿಗೆ ಮೇಲೆ ಸಿಂಪಡಿಸಿದ ಉಪ್ಪು ವಿರೋಧಿಯಾಗಿಯೇ ನಿಲ್ಲುತ್ತದೆ. ಜೀವಸತ್ತ್ವಗಳಲ್ಲಿ 'ಸಿ'ಯು ಬಹುಪಾಲು ಶಾಖಕ್ಕೆ ಬಲಿಯಾಗುತ್ತದೆ. ನೇಂದ್ರದ ಹಳದಿ ತಿರುಳಿನ ಕೆರೋಟಿನಿನಲ್ಲಿ ಕೆಲವಂಶ ಉಳಿಯುತ್ತದೆ. ಆದರೆ ಉಪ್ಪೇರಿಯ ಹೊಳೆಯುವ ಬಣ್ಣವನ್ನು ಕಂಡು ಮೋಸಹೋಗಬಾರದು, ಅದರಲ್ಲಿ ಬಹಳ ಭಾಗ ಅರಿಸಿನದ್ದು.

ಸಕ್ಕರೆಯಿಲ್ಲವೆಂಬ ವಾದವು ಅಕ್ಷರಶಃ ಹೆಚ್ಚುಕಡಮೆ ನಿಜ, ಅರ್ಥದಲ್ಲಿ ಅಲ್ಲ. ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಆಗಿಯೇ ರಕ್ತವನ್ನು ಸೇರುತ್ತದೆ. ಹಸಿಯ ಬಾಳೆಕಾಯಿಯ ಪಿಷ್ಟದಲ್ಲಿ ಬಹುಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದಕ್ಕೆ ಸಾಗಿ ನಾರಿನಂತೆ ವರ್ತಿಸುತ್ತದೆ ಎಂಬುದು ದಿಟ. ಆದರೆ ಆ ಗುಣವು ಪಿಷ್ಟಕಣಗಳ ಹಸಿಯ ರಚನೆಗೆ ಸೇರಿದ್ದು. ತೇವವಿರುವಾಗ ೭೫ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಕಣಗಳು ಉಬ್ಬಿ ರಚನೆ ಸಡಿಲವಾಗುತ್ತದೆ. ಬಿಸಿ ಎಣ್ಣೆಯಲ್ಲಿ ಬಿಲ್ಲೆಯು ಒಣಗುವುದಕ್ಕೆ ಮುಂಚೆ ತನ್ನ ನೀರಿನಲ್ಲಿಯೇ ಬೇಯುವುದರಿಂದ ಹಸಿಯ ಕಾಯಿಯ ಮಹಿಮೆಯನ್ನು ಉಪ್ಪೇರಿಗೆ ಆರೋಪಿಸಲಾಗದು. ಎಣ್ಣೆಯು ಜಠರದಿಂದ ಆಹಾರ ಮುಂದೆ ಸಾಗುವುದನ್ನು ತಡಮಾಡುವುದರಿಂದ ರಕ್ತದ ಸಕ್ಕರೆ ನಿಧಾನವಾಗಿ ಏರಬಹುದು, ನಿಧಾನವೆಂದರೆ ಇಲ್ಲವೆಂದಲ್ಲ.

ಪ್ರಸಂಗವಶಾತ್ ಒಂದು ಎಚ್ಚರಿಕೆ. ಅಮೆರಿಕದ ಆಹಾರ ಕೋಷ್ಟಕದಲ್ಲಿ ಈ ತಿಂಡಿಯ ೧೦೦ ಗ್ರಾಮಿಗೆ ೫೧೯ ಕ್ಯಾಲೊರಿ, ಕೊಬ್ಬು ೩೩.೬ ಗ್ರಾಂ, ಸಕ್ಕರೆ ೩೫ ಗ್ರಾಂ, ಸೋಡಿಯಂ ೬ ಮಿಲಿಗ್ರಾಂ ಎಂದು ಕೊಟ್ಟಿದೆ. ಮೊದಲ ಎರಡು ಅಂಕೆಗಳು ನಮ್ಮ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತವೆ. ಕೊನೆಯ ಎರಡು ಹೊಂದವು. ಅವು ಫಿಲಿಪೀನ್ಸಿನಲ್ಲಿ ಮಾಡುವಂತೆ ಸಕ್ಕರೆ ಪಾಕ ಸೇರಿದ, ಉಪ್ಪಿಲ್ಲದ ತಿಂಡಿಗೆ ಒಪ್ಪತಕ್ಕವು. ನಮ್ಮ ಉಪ್ಪೇರಿಗೆ ಅವನ್ನು ಅನ್ವಯಿಸಿದರೆ ಸಕ್ಕರೆಯನ್ನು ಇಲ್ಲದ್ದು ಹೇಳಿದಂತೆಯೂ, ಉಪ್ಪನ್ನು ಇದ್ದದ್ದು ಮುಚ್ಚಿದಂತೆಯೂ ಆಗುತ್ತದೆ. ಬೆಲ್ಲದ ಪಾಕ, ಒಣಶುಂಠಿ, ಏಲಕ್ಕಿ ಹಿಡಿಸಿದ ಕೇರಳದ ಶರ್ಕರ ಉಪ್ಪೇರಿಯ ಮಾತು ಬೇರೆ. ಓಣಂ ಊಟದಲ್ಲಿ ಇವೆರಡನ್ನೂ ಎಲೆಯ ಎಡತುದಿಯಲ್ಲಿ ನಾಲ್ಕಾರು ತುಣುಕುಗಳಷ್ಟು ಬಡಿಸುತ್ತಾರೆ. ಆ ಪ್ರಮಾಣದಲ್ಲಿ ಈ ಲೆಕ್ಕಾಚಾರವೆಲ್ಲ ಅನಾವಶ್ಯಕ. ಲೆಕ್ಕ ಬೇಕಾದದ್ದು ಎಲೆಯ ತುದಿಯಿಂದ ಇಳಿದು ಪೊಟ್ಟಣವನ್ನು ಹೊಕ್ಕ ಮೇಲೆ.

ಇನ್ನು ಎಣ್ಣೆಯ ಪುನರುಪಯೋಗ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ಧ್ರುವೀಯ ಸಂಯುಕ್ತಗಳೆಂಬ ಪದಾರ್ಥಗಳು ಶೇಖರವಾಗುತ್ತವೆ. ಇವು ಶೇಕಡ ೨೫ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ೨೦೧೮ರ ಜುಲೈ ೧ರಿಂದ ಜಾರಿಗೆ ಬಂದಿದೆ. ಮನೆಯಲ್ಲಿ ಇದನ್ನು ಅಳೆಯುವ ಸಾಧನವಿಲ್ಲದಿದ್ದರೂ, ಎಣ್ಣೆ ಕಪ್ಪಗೆ ಮಂದವಾಗಿ, ನೊರೆ ಕಟ್ಟಿ, ಬೇಗನೆ ಹೊಗೆಯಾಡತೊಡಗಿತೆಂದರೆ ಅದನ್ನು ಚೆಲ್ಲತಕ್ಕದ್ದು.