ಮುತ್ತಿಗೆಯ ಹಾದಿಯಲ್ಲಿ ಶ್ರೀರಂಗಪಟ್ಟಣ

ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವ ನಡುಗಡ್ಡೆಯಲ್ಲಿ ಶ್ರೀರಂಗಪಟ್ಟಣವಿದೆ. 1610ರಲ್ಲಿ ರಾಜ ಒಡೆಯರ ವಶವಾದಾಗಿನಿಂದ 1799ರವರೆಗೆ ಮೈಸೂರು ಸೀಮೆಯ ರಾಜಧಾನಿ ಇದೇ.  ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ದೇವಸ್ಥಾನ, ದರಿಯಾ ದೌಲತ್, ಸಂಗಮ ನೋಡಿ ಹಿಂದಿರುಗುತ್ತಾರೆ. 1799ರ ಯುದ್ಧ ನಡೆದ ಕ್ರಮದಲ್ಲೇ ಊರನ್ನು ಸುತ್ತಿದರೆ ಇಲ್ಲಿ ಏನು ನಡೆಯಿತೆಂಬುದು ತಿಳಿಯುತ್ತದೆ.

ನಾಲ್ಕನೆಯ ಮೈಸೂರು ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು ಪಿರಿಯಾಪಟ್ಟಣದ ಪಶ್ಚಿಮಕ್ಕೆ, ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ. ಕಣ್ಣೂರಿನಿಂದ ಘಟ್ಟ ಹತ್ತಿ ಬಂದ ಬ್ರಿಟಿಷರ ಬೊಂಬಾಯಿ ಸೇನೆಯನ್ನು 1799ರ ಮಾರ್ಚ್ 6ರಂದು ಮೈಸೂರನ್ನು ಆಳುತ್ತಿದ್ದ ಟಿಪ್ಪು ಸುಲ್ತಾನ್ ಅಲ್ಲಿ ಎದುರಿಸಿದ. ಅದನ್ನು ಹಿಮ್ಮೆಟ್ಟಿಸಲು ಆಗಲಿಲ್ಲ. ಪೂರ್ವದಿಂದ ಬಂದ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೇನೆ ಮಳವಳ್ಳಿಯಲ್ಲಿ ಗೆದ್ದು, ಏಪ್ರಿಲ್ ಮೊದಲ ವಾರದಲ್ಲಿ ಪಟ್ಟಣದ ಪಶ್ಚಿಮಕ್ಕೆ ಬೀಡುಬಿಟ್ಟಿತು. ಹೈದರಾಬಾದಿನ ನಿಜಾಮನ ಪಡೆಯೂ ಅದರ ಜೊತೆಗಿತ್ತು. ಮುಂಗಾರು ಹಿಡಿದು ಹೊಳೆ ತುಂಬಿದರೆ ದಾಟುವುದು ಸಾಧ್ಯವಿರಲಿಲ್ಲ; ಬೇಸಿಗೆ ಮುಗಿಯುವುದರೊಳಗೆ ಕೋಟೆ ಹಿಡಿಯಬೇಕಿತ್ತು.

ನೋಡಲು ತೊಡಗಬೇಕಾದದ್ದು ಕೋಟೆಯ ಪಶ್ಚಿಮ ಮೂಲೆಯಿಂದ. ಫಿರಂಗಿ ಏಟಿಗೆ ಗೋಡೆ ಕುಸಿದದ್ದು ಇಲ್ಲಿಯೇ. ಮೇ 4ರ ಮಧ್ಯಾಹ್ನ, ಹೊಳೆಯಲ್ಲಿ ನೀರು ಇಳಿದಿದ್ದಾಗ, ಡೇವಿಡ್ ಬೇರ್ಡ್‌ನ ಮುಂದಾಳತ್ವದಲ್ಲಿ ಸೈನಿಕರು ದಾಟಿ ಬಂದರು. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕಿ ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಬಂಧಿಯಾಗಿದ್ದವನು ಬೇರ್ಡ್. 1907ರಲ್ಲಿ ಇಲ್ಲಿ ನಿಲ್ಲಿಸಿದ ಸ್ಮಾರಕ ಕಂಬ ಗೆದ್ದ ಕಡೆಯ ಪಡೆಗಳನ್ನೂ ಅಧಿಕಾರಿಗಳನ್ನೂ ಹೆಸರಿಸುತ್ತದೆ. ಕೋಟೆ ಕಾಯುತ್ತ ಸತ್ತ ಸಾವಿರಾರು ಜನರ ಹೆಸರು ಅದರ ಮೇಲೆ ಇಲ್ಲ.

ಉತ್ತರದ ಗೋಡೆಯ ಗುಂಟ ನಡೆದರೆ ಕರ್ನಲ್ ಬೇಲಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನ ಸೆರೆಮನೆ ಸಿಗುತ್ತದೆ. ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ, ಕಮಾನು ಚಾವಣಿಯ ಕಟ್ಟಡ. ಬಂಧಿಗಳ ಸರಪಳಿ ಬಿಗಿಯಲು ತೂತು ಕೊರೆದ ಕಲ್ಲುಚಪ್ಪಡಿಗಳು ಗೋಡೆಯಲ್ಲಿ ಈಗಲೂ ಚಾಚಿಕೊಂಡಿವೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಒಳಬಾಗಿಲೊಂದರ ಬಳಿ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಆ ರಾತ್ರಿ ಸಿಕ್ಕಿತು. ಆ ಜಾಗವನ್ನು ಒಂದು ಶಿಲಾಫಲಕ ಗುರುತಿಸುತ್ತದೆ.

ಅಂದು ರಾತ್ರಿಯಿಡೀ ಊರಿನ ಮನೆಗಳು ಲೂಟಿಯಾದವು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಲೂಟಿಕೋರ ಸಿಪಾಯಿಗಳನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತದ್ದು. ಅರಮನೆಯ ಖಜಾನೆಯನ್ನು ಸೇನೆ ಹಂಚಿಕೊಂಡಿತು. ಟಿಪ್ಪುವಿನ ಮರದ ಹುಲಿಬೊಂಬೆ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಲಾಲ್ ಮಹಲ್ ಅರಮನೆಯಲ್ಲಿ ಉಳಿದಿರುವುದು ಅಡಿಪಾಯ ಮಾತ್ರ. ಅದರ ಹತ್ತಿರದ ರಂಗನಾಥಸ್ವಾಮಿ ದೇವಾಲಯ ಮುತ್ತಿಗೆಯನ್ನು ದಾಟಿ ಉಳಿದು, ಇಂದಿಗೂ ಪೂಜೆ ಪಡೆಯುತ್ತಿದೆ.

ಕೋಟೆಯ ಹೊರಗೆ ದರಿಯಾ ದೌಲತ್ ಬಾಗ್ ಇದೆ. 1784ರ ಈ ತೇಗದ ಮಹಲಿನ ಗೋಡೆಯ ಮೇಲೆ ಪೊಳ್ಳಿಲೂರಿನ ಗೆಲುವಿನ ದೊಡ್ಡ ಚಿತ್ರವಿದೆ. ಗಂಜಾಮಿನ ಗುಂಬಜ್‌ನಲ್ಲಿ ಟಿಪ್ಪು, ಅವನ ತಂದೆ ಹೈದರ್, ತಾಯಿ ಫಕ್ರುನ್ನೀಸಾ ಮೂವರ ಸಮಾಧಿಗಳಿವೆ. ಹೊಳೆದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರನ್ ರೆಜಿಮೆಂಟಿನ ಯೋಧರು ಮಣ್ಣಾಗಿದ್ದಾರೆ.

ಗೆದ್ದವರು 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕಟ್ಟಿ, ರಾಜಧಾನಿಯನ್ನು ಮೈಸೂರಿಗೆ ಒಯ್ದರು. ಮರುವರ್ಷ ಸಮೀಕ್ಷೆಗಾಗಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಸುಮಾರು 32 ಸಾವಿರ ಜನರನ್ನು ದಾಖಲಿಸಿದ್ದಾನೆ. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬುದು ಅವನ ಅಂದಾಜು. ಚಳಿಜ್ವರದ ಕಾಟ ತಾಳಲಾರದೆ ಬ್ರಿಟಿಷ್ ದಂಡೂ 1809ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ರಾಜಧಾನಿಯಾಗಿದ್ದ ಪಟ್ಟಣ ಹೀಗೆ ಹತ್ತೇ ವರ್ಷಗಳಲ್ಲಿ ಅರಸರನ್ನೂ ದಂಡನ್ನೂ ಕಳೆದುಕೊಂಡಿತು.